ಬ್ರೇಕ್ ಪೈಪ್ ತೂತಾಗಿದೆ: ತುಂಡು ಹಾಕಿ ಜೋಡಿಸಬಹುದಾ? ಫ್ಲೇರ್ ಯಾವುದು ಮಾಡಿಸಬೇಕು?

ಕಡಲತಡಿ, ಕುಂದಾಪುರ
ಎಲ್ಲರಿಗೂ ನಮಸ್ಕಾರ. ಗಾಡಿ 2007ರ ಮಾರುತಿ 800. ಅಪ್ಪ ತಗೊಂಡಿದ್ದು, ಈಗ ನಾನು ಓಡಿಸುತ್ತೇನೆ. ಮನೆ ಮರವಂತೆ ಹತ್ತಿರ. ಹೆದ್ದಾರಿಯ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ. ಉಪ್ಪುಗಾಳಿ ವರ್ಷವಿಡೀ ಇದೆ. ಅದರ ಮೇಲೆ ಮೀನಿನ ಲಾರಿಗಳಿಂದ ಸೋರುವ ಉಪ್ಪುನೀರು ಬೇರೆ.

ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮಟ್ಟ ಇಳಿದಿತ್ತು. ನಾಲ್ಕೂ ಚಕ್ರದ ಒಳಬದಿ ನೋಡಿದೆ, ಒಣಗಿಯೇ ಇತ್ತು. ಕೊನೆಗೆ ಗಾಡಿ ಕೆಳಗೆ ಮಲಗಿ ನೋಡಿದಾಗ ಹಿಂದಿನ ಸೀಟಿನ ಅಡಿಯಲ್ಲಿ, ಪೈಪ್ ಕ್ಲಿಪ್ಪಿನೊಳಗೆ ಹೋಗುವ ಜಾಗ ಒದ್ದೆ ಕಂಡಿತು. ಬೆರಳಲ್ಲಿ ಉಜ್ಜಿದರೆ ತುಕ್ಕು ಹಪ್ಪಳದ ಹಾಗೆ ಎದ್ದು ಬಂತು.

ಇಲ್ಲಿಯ ಒಬ್ಬ ಮೆಕ್ಯಾನಿಕ್ ಹೇಳಿದ್ದು ಹೀಗೆ: "ಒಂದು ಅಡಿ ಕತ್ತರಿಸಿ ತೆಗೆಯುವ. ತಾಮ್ರದ ಪೈಪ್ ಹಾಕುವ. ಫ್ರಿಜ್ ರಿಪೇರಿಯವರ ಹತ್ತಿರ ಫ್ಲೇರ್ ಮಾಡಿಸಿ, ಅಂದರೆ ಪೈಪಿನ ಬಾಯಿ ಅಗಲಿಸಿ, ಜೋಡಿಸಿದರೆ ಆಯ್ತು." ಅವರ ಮೇಲೆ ನನಗೆ ಅಪನಂಬಿಕೆ ಇಲ್ಲ. ಆದರೆ ಇದು ಬ್ರೇಕ್, ಮನೆಯವರೆಲ್ಲ ಕೂರುವ ಗಾಡಿ. ಹೀಗೆ ಮಾಡಿಸಬಹುದಾ? ಇಲ್ಲ ಪೂರ್ತಿ ಪೈಪೇ ಬದಲಿಸಬೇಕಾ? ಫ್ಲೇರ್ ಮಾಡುವುದನ್ನು ನಾನೇ ಕಲಿಯಬಹುದಾ? ತಿಳಿದವರು ಬಿಡಿಸಿ ಹೇಳಿ.

ಹುಬ್ಬಳ್ಳಿ ಗ್ಯಾರೇಜ್
ಮೊದಲು ಒಂದು ಮಾತು. ಗಾಡಿ ಇದ್ದಲ್ಲೇ ಇರಲಿ. ಮೆಕ್ಯಾನಿಕ್ ಮನೆಗೆ ಬರಲಿ, ಇಲ್ಲ ಟೋ ಮಾಡಿಸಿ. "ಇಲ್ಲೇ ಹತ್ತಿರ, ನಿಧಾನಕ್ಕೆ ಹೋಗ್ತೀನಿ" ಅನ್ನಬೇಡಿ.

ಪೆಡಲ್ ಒತ್ತಿದಾಗ ಪೈಪಿಗೆ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್‌ನಲ್ಲಿ ಎರಡು ಭಾಗ ಇರುತ್ತವೆ. ಒಂದು ಲೈನ್ ಹೋದರೂ ಇನ್ನೊಂದು ಉಳಿಯಲಿ ಅಂತಲೇ ಹಾಗೆ ಮಾಡಿರುವುದು. ಆದರೆ ಒಂದು ಹೋದಾಗ ಪೆಡಲ್ ಪೂರ್ತಿ ಕೆಳಗೆ ಹೋಗುತ್ತದೆ, ಗಾಡಿ ನಿಲ್ಲುವ ದೂರ ವಿಪರೀತ ಜಾಸ್ತಿ ಆಗುತ್ತದೆ. ಡ್ರೈವರ್‌ಗೆ ಆ ಕ್ಷಣಕ್ಕೆ ಏನಾಯ್ತು ಅಂತಲೇ ಗೊತ್ತಾಗುವುದಿಲ್ಲ. ಒಸರುತ್ತಿರುವ ಪೈಪ್ ಒಡೆಯುವುದು ಜೋರಾಗಿ ಬ್ರೇಕ್ ಹಾಕಿದಾಗಲೇ, ಅಂದರೆ ಬ್ರೇಕ್ ಬೇಕೇ ಬೇಕಾದಾಗ.

ಇನ್ನು ನಿಮ್ಮ ಪ್ರಶ್ನೆ. ತುಂಡು ಹಾಕಿ ಜೋಡಿಸುವುದು ತಪ್ಪಲ್ಲ. ಜೋಡಣೆ ಸರಿಯಾಗಿದ್ದರೆ ಅದು ಹೊಸ ಪೈಪಿನಷ್ಟೇ ಗಟ್ಟಿ. ಆದರೆ ಫ್ರಿಜ್‌ನವರ ಫ್ಲೇರ್ ಬೇಡ, ತಾಮ್ರ ಬೇಡ. ಎರಡಕ್ಕೂ ಕಾರಣ ರಾತ್ರಿ ಬರೆಯುತ್ತೇನೆ, ಈಗ ಕೈಯಲ್ಲಿ ಕೆಲಸ ಇದೆ.

ಕೋಲಾರ ಲಾರಿ
ಸರ್, ತಾಮ್ರ ಯಾಕೆ ಬೇಡ? ನಮ್ಮ ಹಳೇ ಲಾರಿಗಳಲ್ಲಿ ಬ್ರೇಕ್ ಲೈನ್‌ಗೆ ತಾಮ್ರದ ಪೈಪ್ ಹಾಕಿದ್ದನ್ನು ನಾನೇ ನೋಡಿದ್ದೇನೆ. ಫ್ಲೇರೂ ಇಲ್ಲ. ಹಿತ್ತಾಳೆ ರಿಂಗ್ ಹಾಕಿ ನಟ್ಟು ಬಿಗಿದರೆ ಮುಗೀತು. ಲಾರಿ ನಿಲ್ಲಿಸುತ್ತದೆ ಅಂದರೆ ಕಾರು ನಿಲ್ಲಿಸೋದಿಲ್ವಾ?

ಸುರತ್ಕಲ್ ಮೆಕ್
ಒಳ್ಳೇ ಪ್ರಶ್ನೆ. ಇದೇ ಮಾತು ತುಂಬಾ ಜನರ ತಲೆಯಲ್ಲಿದೆ. ಲಾರಿಯಲ್ಲಿ ಇರುವುದು ಗಾಳಿ ಬ್ರೇಕ್. ಟ್ಯಾಂಕಿನ ಒತ್ತಡ ಸುಮಾರು 8 ಬಾರ್ (ಒಂದು ಬಾರ್ ಅಂದರೆ ಒಂದು ಚದರ ಸೆಂಟಿಮೀಟರ್ ಮೇಲೆ ಸುಮಾರು ಒಂದು ಕೆಜಿ ಭಾರ). ಗಾಡಿ ನಿಲ್ಲಿಸುವ ಬಲ ಬರುವುದು ದೊಡ್ಡ ಬ್ರೇಕ್ ಚೇಂಬರ್‌ನಿಂದ, ಪೈಪಿನ ಒತ್ತಡದಿಂದಲ್ಲ.

ಕಾರಿನ ಲೆಕ್ಕ ನೋಡಿ. ಕಾಲಲ್ಲಿ 30 ಕೆಜಿ ಭಾರ ಹಾಕಿ ಒತ್ತಿದಿರಿ ಅಂತಿಟ್ಟುಕೊಳ್ಳಿ. ಪೆಡಲಿನ ಲಿವರ್ ಅದನ್ನು ನಾಲ್ಕು ಪಟ್ಟು ಮಾಡಿದರೆ 120. ಬೂಸ್ಟರ್ ಇರುವ ಗಾಡಿಯಲ್ಲಿ ಅದು ಮೂರು ಪಟ್ಟು ಆದರೆ 360. ಈ 360 ಕೆಜಿ ಬೀಳುವುದು 20 ಎಂಎಂ ಪಿಸ್ಟನ್ ಮೇಲೆ, ಅಂದರೆ ಬರೀ 3.14 ಚದರ ಸೆಂಟಿಮೀಟರ್ ಮೇಲೆ. ಭಾಗಿಸಿದರೆ 110 ಬಾರ್ ದಾಟುತ್ತದೆ. ಗಾಬರಿಯಲ್ಲಿ ಇನ್ನೂ ಜೋರಾಗಿ ತುಳಿದರೆ ಅದಕ್ಕಿಂತ ಜಾಸ್ತಿ.

8 ಬಾರ್‌ನಲ್ಲಿ ಹಿತ್ತಾಳೆ ರಿಂಗಿನ ಹಿಡಿತ ಸಾಕು. 110 ಬಾರ್‌ನಲ್ಲಿ ಅದು ಪೈಪನ್ನು ಹಿಡಿದಿಟ್ಟುಕೊಳ್ಳುತ್ತದೆ ಅಂತ ನಂಬುವ ಹಾಗಿಲ್ಲ. ಪೈಪ್ ಅದರಿಂದ ಜಾರಿ ಹೊರಗೆ ಬಂದುಬಿಡಬಹುದು. ಆದ್ದರಿಂದ ರಿಂಗ್ ಹಾಕಿ ಬಿಗಿಯುವ ಜೋಡಣೆ ಕಾರಿನ ಹೈಡ್ರಾಲಿಕ್ ಬ್ರೇಕಿಗೆ ಯಾವತ್ತೂ ಬೇಡ. ರಬ್ಬರ್ ಹೋಸ್ ತೂರಿಸಿ ಕ್ಲಿಪ್ ಬಿಗಿಯುವುದಂತೂ ಕೇಳಲೇಬೇಡಿ.

ಕೋಲಾರ ಲಾರಿ
ಸರಿ ಮೇಡಂ, ಈಗ ಅರ್ಥ ಆಯ್ತು. ಇಷ್ಟು ವ್ಯತ್ಯಾಸ ಇದೆ ಅಂತ ಯಾರೂ ಹೇಳಿರಲಿಲ್ಲ.

ದಾವಣಗೆರೆ ಕೂಲಿಂಗ್
ನಾನು ಎಸಿ, ಫ್ರಿಜ್ ಕೆಲಸದವನು. ಬ್ರೇಕ್ ಪೈಪ್ ಹಿಡಿದುಕೊಂಡು ನನ್ನ ಅಂಗಡಿಗೂ ಜನ ಬರುತ್ತಾರೆ. ನಾನು ಮಾಡಿಕೊಡುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ನಮ್ಮ ಟೂಲ್ ಮಾಡುವುದು ಸಿಂಗಲ್ ಫ್ಲೇರ್. ಪೈಪಿನ ಬಾಯನ್ನು ಕೋನ್‌ನಿಂದ ಒಂದೇ ಸಲ ಅಗಲಿಸುತ್ತದೆ. ಮೆತ್ತನೆ ತಾಮ್ರಕ್ಕೆ ಅದು ಚೆನ್ನಾಗಿ ಕೂರುತ್ತದೆ. ಈಗಿನ ಸ್ಪ್ಲಿಟ್ ಎಸಿಯಲ್ಲಿ ಒತ್ತಡ ಜಾಸ್ತಿ ಇರುವ ಕಡೆ 30 ಬಾರ್ ಆಸುಪಾಸು, ಅಷ್ಟಕ್ಕೆ ಸಾಕು. ಬ್ರೇಕ್ ಪೈಪಿನ ಉಕ್ಕನ್ನು ಹಾಗೆ ಅಗಲಿಸಿದರೆ ತುದಿ ಸೀಳುತ್ತದೆ. ಕೆಲವು ಸಲ ಸೀಳು ಕಣ್ಣಿಗೇ ಕಾಣುವುದಿಲ್ಲ.

ಮೋಸ ಹೋಗುವುದು ಎಲ್ಲಿ ಅಂದರೆ, ನಮ್ಮ ಫ್ಲೇರಿನ ಕೋನವೂ 45 ಡಿಗ್ರಿ, ಬ್ರೇಕಿನ ಡಬಲ್ ಫ್ಲೇರಿನ ಕೋನವೂ 45 ಡಿಗ್ರಿ. ಹಾಗಾಗಿ ಸೀಟಿನ ಮೇಲೆ, ಅಂದರೆ ತೂತಿನ ತಳದಲ್ಲಿ ಫ್ಲೇರ್ ಕೂರುವ ಜಾಗದ ಮೇಲೆ, ಸರಿಯಾಗೇ ಕೂರುತ್ತದೆ. ಬಿಗಿದ ದಿನ ಒಂದು ಹನಿಯೂ ಸೋರುವುದಿಲ್ಲ. ಗಿರಾಕಿ ಖುಷಿಯಾಗಿ ಹೋಗುತ್ತಾನೆ. ಆಮೇಲೆ ಅಲುಗಾಟಕ್ಕೆ, ಒತ್ತಡ ಏರಿ ಇಳಿಯುವುದಕ್ಕೆ ಆ ಒಂದೇ ಪದರದ ಅಂಚು ಬಿರುಕು ಬಿಡುತ್ತದೆ. ನನ್ನ ಕೈಯಿಂದ ಅಂಥ ಕೆಲಸ ಆಗಬಾರದು.

ಹುಬ್ಬಳ್ಳಿ ಗ್ಯಾರೇಜ್
ದಾವಣಗೆರೆಯವರು ಹೇಳಿದ್ದನ್ನು ಎಲ್ಲ ಫ್ರಿಜ್ ಅಂಗಡಿಯವರೂ ಹೇಳಿದ್ದರೆ ನಮ್ಮ ಅರ್ಧ ತಲೆನೋವು ಕಡಿಮೆ ಆಗುತ್ತಿತ್ತು. ಈಗ ನಾನು ಬರೆಯುತ್ತೇನೆ ಅಂದಿದ್ದಕ್ಕೆ ಬರೋಣ.

ತಾಮ್ರ ಬೇಡ ಅಂದಿದ್ದು ಯಾಕೆ? ಬರೀ ತಾಮ್ರ ಅಲುಗಾಡುತ್ತಾ ಅಲುಗಾಡುತ್ತಾ ಗಡಸಾಗುತ್ತದೆ, ಗಡಸಾದ ಮೇಲೆ ಬಿರುಕು ಬಿಡುತ್ತದೆ. ಹಿಂದಿನ ಆಕ್ಸಲ್ ಹತ್ತಿರ ಅಲುಗಾಟ ಯಾವತ್ತೂ ಇರುವಂಥದ್ದೇ. ಕಂಪನಿ ಹಾಕುವುದು ಎರಡು ಪದರದ ಉಕ್ಕಿನ ಪೈಪ್. ತಾಮ್ರ ಸವರಿದ ತೆಳು ಉಕ್ಕಿನ ಪಟ್ಟಿಯನ್ನು ಎರಡು ಸುತ್ತು ಸುತ್ತಿ, ಕುಲುಮೆಯಲ್ಲಿ ಬೆಸೆದು ಮಾಡಿರುತ್ತಾರೆ. ಹೊರ ಅಳತೆ 4.76 ಎಂಎಂ, ಅಂದರೆ ಇಂಚಿನ ಹದಿನಾರು ಭಾಗದಲ್ಲಿ ಮೂರು ಭಾಗ. ಗೋಡೆ ದಪ್ಪ ಸುಮಾರು 0.7 ಎಂಎಂ. ಮೇಲೆ ತುಕ್ಕು ತಡೆಯುವ ಲೇಪ ಇರುತ್ತದೆ. ಆ ಲೇಪ ಹೋದ ಕಡೆಯಿಂದ ತುಕ್ಕು ಶುರು.

ಈಗ ಮುಖ್ಯ ವಿಷಯ. ಕಾರುಗಳಲ್ಲಿ ಎರಡು ಜಾತಿಯ ಫ್ಲೇರ್ ಬರುತ್ತದೆ. ಒಂದು ಡಬಲ್ ಫ್ಲೇರ್. ಪೈಪಿನ ಬಾಯಿ ಅಗಲವಾಗಿ, ಅಂಚು ಒಳಕ್ಕೆ ಮಡಚಿ ಎರಡು ಪದರ ಆಗಿರುತ್ತದೆ. ಜಪಾನಿ ಮತ್ತು ಅಮೆರಿಕನ್ ಗಾಡಿಗಳಲ್ಲಿ ಹೆಚ್ಚಾಗಿ ಇದೇ. ಮಾರುತಿಯೂ ಸುಜುಕಿ ಮೂಲದ್ದು, ಇದರಲ್ಲೇ ಬರುತ್ತದೆ. ಇನ್ನೊಂದು ಬಬಲ್ ಫ್ಲೇರ್. ತುದಿ ಗುಂಡಗೆ ಉಬ್ಬಿ ಅಲ್ಲಿಗೇ ನಿಂತಿರುತ್ತದೆ. ಯುರೋಪಿನ ಗಾಡಿಗಳಲ್ಲಿ ಹೆಚ್ಚಾಗಿ ಇದು.

ಆದರೆ ಗಾಡಿ ಹೆಸರು ನೋಡಿ ತೀರ್ಮಾನ ಮಾಡಬೇಡಿ. ನಟ್ಟು ಬಿಚ್ಚಿ, ಟಾರ್ಚ್ ಹಿಡಿದು ತೂತಿನೊಳಗೆ ನೋಡಿ. ತಳದಲ್ಲಿ ಚೂಪು ಕೋನ್ ಮೇಲಕ್ಕೆ ಎದ್ದು ನಿಂತಿದ್ದರೆ ಅದು ಡಬಲ್ ಫ್ಲೇರಿನ ಸೀಟ್. ತಳ ಒಳಕ್ಕೆ ಇಳಿಜಾರಾಗಿ ಇಳಿದಿದ್ದರೆ ಬಬಲ್‌ದು. ನಟ್ಟಿನಲ್ಲೂ ಗೊತ್ತಾಗುತ್ತದೆ. ಡಬಲ್ ಫ್ಲೇರಿನ ನಟ್ಟಿನ ತುದಿ ಇಳಿಜಾರು ಇರುತ್ತದೆ, ಬಬಲ್‌ನ ನಟ್ಟಿನ ತುದಿ ಚಪ್ಪಟೆ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಎರಡರಲ್ಲೂ ಥ್ರೆಡ್ ಎಂ10, ಪಿಚ್ 1.0 ಬರುವ ಗಾಡಿಗಳು ಬೇಕಾದಷ್ಟಿವೆ. ತಪ್ಪು ಪೈಪ್ ಹಾಕಿದರೂ ನಟ್ಟು ಸಲೀಸಾಗಿ ಒಳಗೆ ಹೋಗುತ್ತದೆ. ಬಿಗಿಯೂ ಆಗುತ್ತದೆ. ಆದರೆ ಫ್ಲೇರ್ ಸೀಟಿಗೆ ಸುತ್ತಲೂ ಒಂದೇ ಸಮ ತಾಗಿರುವುದಿಲ್ಲ. ಒಸರುತ್ತದೆ. ಒಸರುತ್ತದೆ ಅಂತ ಇನ್ನೂ ಬಿಗಿಯುತ್ತಾರೆ. ಕೊನೆಗೆ ಸೀಟೇ ಹಾಳಾಗಿ, ಮಾಸ್ಟರ್ ಸಿಲಿಂಡರ್ ಬದಲಿಸುವ ಕೆಲಸಕ್ಕೆ ಬರುತ್ತದೆ. ಮಧ್ಯೆ ಜೋಡಿಸಲು ತರುವ ಯೂನಿಯನ್‌ಗೂ ಇದೇ ಮಾತು. ಎರಡು ಜಾತಿಗೂ ಬೇರೆ ಬೇರೆ ಯೂನಿಯನ್ ಇದೆ. ಅಂಗಡಿಯಲ್ಲಿ ಒಳಗೆ ನೋಡಿಯೇ ತಗೊಳ್ಳಿ.

ಮೈಸೂರು ಪೋಲೊ
ನನ್ನದು ಫೋಕ್ಸ್‌ವ್ಯಾಗನ್, ಬಬಲ್ ಫ್ಲೇರ್. ಒಂದು ಅನುಮಾನ. ಡಬಲ್ ಫ್ಲೇರ್ ಮಾಡುವಾಗ ಮೊದಲ ಹಂತದಲ್ಲಿ ಬರುವ ಉಬ್ಬು ನೋಡಲು ಬಬಲ್ ಥರಾನೇ ಇರುತ್ತದೆ. ಅಲ್ಲಿಗೇ ನಿಲ್ಲಿಸಿದರೆ ಸಾಕು ಅಂತ ಒಬ್ಬರು ಹೇಳಿದರು. ಸರಿಯಾ?

ಹುಬ್ಬಳ್ಳಿ ಗ್ಯಾರೇಜ್
ಸರಿಯಲ್ಲ ಸರ್. ಮುಂಭಾಗ ಒಂದೇ ಥರ ಕಂಡರೂ ಬೆನ್ನು ಬೇರೆ. ಬಬಲ್ ಫ್ಲೇರಿನ ಬೆನ್ನು ಚಪ್ಪಟೆ ಇರಬೇಕು, ಚಪ್ಪಟೆ ತುದಿಯ ನಟ್ಟು ಅದನ್ನು ಸುತ್ತಲೂ ಸಮವಾಗಿ ಒತ್ತಬೇಕು. ಡಬಲ್ ಫ್ಲೇರಿನ ಬಾರ್‌ನಲ್ಲಿ (ಪೈಪನ್ನು ಬಿಗಿದು ಹಿಡಿಯುವ ಪಟ್ಟಿ) ಅರ್ಧಕ್ಕೆ ನಿಲ್ಲಿಸಿದರೆ ಬೆನ್ನು ಇಳಿಜಾರಾಗಿ ಬರುತ್ತದೆ. ಬಬಲ್‌ಗೆ ಅದರದೇ ಡೈ (ತುದಿಗೆ ಆಕಾರ ಕೊಡುವ ಅಚ್ಚು) ಬೇಕು. ಇನ್ನೊಂದು, ನಿಮ್ಮ ಗಾಡಿಯಲ್ಲಿ ಎಬಿಎಸ್ ಇದ್ದರೆ ಆಯಿಲ್ ಡಬ್ಬಿ ಖಾಲಿಯಾಗಲು ಬಿಡಬೇಡಿ. ಯೂನಿಟ್ ಒಳಗೆ ಗಾಳಿ ಹೊಕ್ಕರೆ ಅದನ್ನು ತೆಗೆಯಲು ಹಲವು ಗಾಡಿಗಳಲ್ಲಿ ಸ್ಕ್ಯಾನರ್ ಹಾಕಲೇಬೇಕಾಗುತ್ತದೆ.

ಮಿಷಿಗನ್ ಕನ್ನಡಿಗ
ಡೆಟ್ರಾಯಿಟ್ ಹತ್ತಿರ ಇದ್ದೇನೆ, ಊರು ಹಾಸನ. ನಿಮ್ಮ ಕರಾವಳಿ ಕಥೆ ಓದಿ ನಮ್ಮ ಚಳಿಗಾಲವೇ ಕಣ್ಣ ಮುಂದೆ ಬಂತು. ಇಲ್ಲಿ ಹಿಮ ಕರಗಲಿ ಅಂತ ರಸ್ತೆಗೆ ಉಪ್ಪು ಸುರಿಯುತ್ತಾರೆ. ಡೆಟ್ರಾಯಿಟ್ ನಗರದ ಕೆಳಗೇ ಸುಮಾರು 350 ಮೀಟರ್ ಆಳದಲ್ಲಿ ಉಪ್ಪಿನ ಗಣಿ ಇದೆ, ರಸ್ತೆಗೆ ಹಾಕುವ ಉಪ್ಪು ಅಲ್ಲಿಂದಲೂ ಬರುತ್ತದೆ. ಹಾಗಾಗಿ ಹಳೇ ಗಾಡಿ ಇರುವವರಿಗೆ ಬ್ರೇಕ್ ಪೈಪ್ ಇಲ್ಲಿ ಮನೆಮನೆ ಸಮಸ್ಯೆ.

ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ 1999ರಿಂದ 2003ರವರೆಗಿನ ಸುಮಾರು 50 ಲಕ್ಷ ಪಿಕಪ್ ಮತ್ತು ಎಸ್‌ಯುವಿಗಳ ಬ್ರೇಕ್ ಪೈಪ್ ತುಕ್ಕಿನ ಬಗ್ಗೆ ತನಿಖೆ ಮಾಡಿ, 2015ರ ಏಪ್ರಿಲ್‌ನಲ್ಲಿ ಮುಗಿಸಿತು. ರಿಕಾಲ್ ಮಾಡಿಸಲಿಲ್ಲ. ಬದಲಿಗೆ, ಉಪ್ಪು ಹಾಕುವ ರಾಜ್ಯಗಳಲ್ಲಿ ಹಳೇ ಗಾಡಿ ಇರುವವರು ಅಡಿಭಾಗ ತೊಳೆಸಿ, ಪೈಪ್ ನೋಡಿಸುತ್ತಿರಿ, ತುಕ್ಕು ಕಂಡರೆ ಇಡೀ ಲೈನ್ ಬದಲಿಸಿ ಅಂತ ಸೂಚನೆ ಕೊಟ್ಟಿತು. ಆ ಕೊನೆಯ ಮಾತು ನಿಮಗೂ ಅನ್ವಯಿಸುತ್ತದೆ ಅಂತ ನನಗೆ ಅನಿಸುತ್ತದೆ. ಒಂದು ಕ್ಲಿಪ್ಪಿನಲ್ಲಿ ಕೊಳೆತಿದ್ದರೆ ಪಕ್ಕದ ಕ್ಲಿಪ್ಪಿನಲ್ಲೂ ಅದೇ ಉಪ್ಪು, ಅದೇ ಕೆಸರು ಕೂತಿರುತ್ತದೆ.

ನಾವು ಇಲ್ಲಿ ಹಾಕುವುದು ತಾಮ್ರ ಮತ್ತು ನಿಕ್ಕಲ್ ಮಿಶ್ರಲೋಹದ ಪೈಪ್. ಸುಮಾರು 10 ಭಾಗ ನಿಕ್ಕಲ್, ಚೂರು ಕಬ್ಬಿಣ, ಚೂರು ಮ್ಯಾಂಗನೀಸ್, ಉಳಿದದ್ದು ತಾಮ್ರ. ವೋಲ್ವೊ ಕಂಪನಿ 1970ರ ದಶಕದಿಂದಲೇ ಇದನ್ನು ಬಳಸುತ್ತಾ ಬಂದಿದೆ. ಉಪ್ಪಿಗೆ ಜಗ್ಗುವುದಿಲ್ಲ, ಕೈಯಲ್ಲೇ ಬಗ್ಗುತ್ತದೆ, ಫ್ಲೇರ್ ಸೀಳುವುದು ತೀರಾ ಕಡಿಮೆ. ಬಣ್ಣ ತಾಮ್ರದ್ದೇ ಇರುವುದರಿಂದ ಫ್ರಿಜ್ ಪೈಪನ್ನೇ ಇದು ಅಂತ ಮಾರುವವರು ಇರಬಹುದು. ಬ್ರೇಕ್ ಪೈಪ್ ಅಂತ ಗುರುತು ಹಾಕಿ ಬಂದ ಸುರುಳಿಯನ್ನೇ ತಗೊಳ್ಳಿ.

ಕಡಲತಡಿ, ಕುಂದಾಪುರ
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ಗಾಡಿಗೆ ಸ್ಟ್ಯಾಂಡ್ ಕೊಟ್ಟು, ಕ್ಲಿಪ್ಪುಗಳನ್ನೆಲ್ಲ ಬಿಡಿಸಿ ನೋಡಿದೆ. ಮಿಷಿಗನ್ ಅವರು ಹೇಳಿದ್ದು ನಿಜ. ಪ್ರತಿ ಕ್ಲಿಪ್ಪಿನೊಳಗೂ ಕೆಂಪು ಮಣ್ಣು ಗಟ್ಟಿಯಾಗಿ ಕೂತಿದೆ, ಅದರ ಕೆಳಗೆ ಲೇಪ ಹೋಗಿ ಪೈಪ್ ಕಪ್ಪು ತಿರುಗಿದೆ. ತುಂಡು ಹಾಕುವ ಯೋಚನೆ ಬಿಟ್ಟೆ. ಮುಂದಿನಿಂದ ಹಿಂದಿನವರೆಗೆ ಪೂರ್ತಿ ಬದಲಿಸುತ್ತೇನೆ. ಇಂಜಿನ್ ಪಕ್ಕದ ತುದಿಯಲ್ಲಿ ಪೈಪ್ ಹೊಸದರ ಹಾಗೆ ಇದೆ, ಅಲ್ಲಿ ಒಂದು ಯೂನಿಯನ್ ಕೊಟ್ಟು ಜೋಡಿಸಬಹುದಾ? ಪಕ್ಕದ ಊರಿನಲ್ಲಿ ಒಬ್ಬರು ಅನುಭವಸ್ಥರು ಜೊತೆಗೆ ನಿಂತು ಮಾಡಿಸುತ್ತೇನೆ ಅಂದಿದ್ದಾರೆ. ಬಾರ್ ಇರುವ ಡಬಲ್ ಫ್ಲೇರಿಂಗ್ ಸೆಟ್ ಅವರ ಹತ್ತಿರ ಇದೆ. ಹುಬ್ಬಳ್ಳಿ ಅಣ್ಣ, ಮಾಡುವ ಕ್ರಮ ಸ್ವಲ್ಪ ವಿವರವಾಗಿ ಹೇಳಿ.

ಹುಬ್ಬಳ್ಳಿ ಗ್ಯಾರೇಜ್
ಹೇಳುತ್ತೇನೆ. ಮೊದಲು ಹಳೇ ಪೈಪನ್ನು ಮುರಿಯದೆ ಇಡಿಯಾಗಿ ತೆಗೆಯಲು ನೋಡಿ. ಹೊಸದನ್ನು ಬಗ್ಗಿಸಲು ಅದೇ ಅಚ್ಚು. ಬಗ್ಗಿಸುವಾಗ ಬೆಂಡರ್ ಬಳಸಿ, ಬಗ್ಗಿದ ಜಾಗ ಮಡಚಿ ಚಪ್ಪಟೆ ಆದರೆ ಆ ಪೈಪ್ ಬಿಡಿ. ಫ್ಲೇರ್ ಬರುವ ತುದಿಯಲ್ಲಿ ಒಂದಿಷ್ಟು ಉದ್ದ ನೆಟ್ಟಗೇ ಇರಲಿ. ಇಲ್ಲದಿದ್ದರೆ ಬಾರ್‌ಗೆ ಸಿಕ್ಕುವುದಿಲ್ಲ, ನಟ್ಟು ಹಿಂದೆ ಸರಿಯಲೂ ಜಾಗ ಇರುವುದಿಲ್ಲ.

ಕತ್ತರಿಸಲು ಚಕ್ರದ ಪೈಪ್ ಕಟರ್ ಬಳಸಿ. ಹ್ಯಾಕ್ಸಾ ಬ್ಲೇಡ್ ಬೇಡ. ಬ್ಲೇಡಿನಲ್ಲಿ ಕೊಯ್ದರೆ ತುದಿ ಓರೆ ಆಗುತ್ತದೆ, ಪುಡಿ ಒಳಗೆ ಹೋಗುತ್ತದೆ. ಕಟರನ್ನೂ ಒಂದೇ ಸಲ ಬಿಗಿಯಬೇಡಿ. ಒಂದು ಸುತ್ತು ತಿರುಗಿಸಿ, ಚೂರು ಬಿಗಿದು, ಮತ್ತೆ ತಿರುಗಿಸಿ. ಕತ್ತರಿಸಿದ ಮೇಲೆ ಒಳಬಾಯಿಯ ಅಂಚು ಒಳಕ್ಕೆ ಮಡಚಿರುತ್ತದೆ. ಅದನ್ನು ಡೀಬರಿಂಗ್ ಟೂಲಿನಲ್ಲಿ ಹೆರೆದು ತೆಗೆಯಿರಿ. ಸಣ್ಣ ಅರ ತಗೊಂಡು ತುದಿಯನ್ನು ಸಮ ಮಾಡಿ, ಹೊರ ಅಂಚನ್ನು ಚೂರೇ ಚೂರು ಇಳಿಜಾರು ಮಾಡಿ. ಪೈಪ್ ಬಾಯಿ ಕೆಳಗೆ ಹಿಡಿದು ಮಾಡಿ, ಆಗ ಪುಡಿ ಒಳಗೆ ಬೀಳುವುದಿಲ್ಲ. ಆಮೇಲೆ ಗಾಳಿ ಹೊಡೆಯಿರಿ. ಹತ್ತರಲ್ಲಿ ಒಂಬತ್ತು ಫ್ಲೇರ್ ಸೀಳುವುದು ಇಲ್ಲಿ ಅವಸರ ಮಾಡಿದ್ದಕ್ಕೇ.

ಪೈಪಿನ ಮೇಲೆ ಪ್ಲಾಸ್ಟಿಕ್ ಲೇಪ ಇದ್ದರೆ, ಬಾರ್ ಹಿಡಿಯುವಷ್ಟು ಜಾಗದಲ್ಲಿ ಮಾತ್ರ ಅದನ್ನು ತೆಗೆಯಿರಿ. ಲೇಪದ ಮೇಲೆ ಹಿಡಿದರೆ ಪೈಪ್ ಜಾರುತ್ತದೆ. ಈಗ ನಟ್ಟನ್ನು ಪೈಪಿಗೆ ಹಾಕಿ, ಥ್ರೆಡ್ ತುದಿಯ ಕಡೆ ಮುಖ ಮಾಡಿರಲಿ. ಫ್ಲೇರ್ ಆದ ಮೇಲೆ ನಟ್ಟು ಒಳಗೆ ಹೋಗುವುದಿಲ್ಲ, ಎಲ್ಲ ಕತ್ತರಿಸಿ ಮೊದಲಿಂದ ಮಾಡಬೇಕು.

ಬಾರ್‌ನ 4.75 ಎಂಎಂ ತೂತಿನಲ್ಲಿ ಪೈಪ್ ಕೂರಿಸಿ, ಇಳಿಜಾರು ಇರುವ ಮುಖ ಮೇಲಕ್ಕೆ. ಎಷ್ಟು ಹೊರಗೆ ಇಡಬೇಕು ಅನ್ನುವುದಕ್ಕೆ ಡೈಯನ್ನೇ ಪಕ್ಕದಲ್ಲಿ ಇಟ್ಟು ಅಳೆಯಿರಿ. ಡೈಗೆ ಒಂದು ಮೆಟ್ಟಿಲು ಇರುತ್ತದೆ. ಆ ಮೆಟ್ಟಿಲಿನ ಎತ್ತರದಷ್ಟೇ ಪೈಪ್ ಹೊರಗಿರಬೇಕು. ಕಡಿಮೆ ಇಟ್ಟರೆ ಮಡಚಲು ಅಂಚೇ ಸಿಗುವುದಿಲ್ಲ. ಜಾಸ್ತಿ ಇಟ್ಟರೆ ಮಡಿಕೆ ಒಳಗೆ ಹೋಗಿ ದಾರಿ ಕಟ್ಟುತ್ತದೆ. ಬಾರ್‌ನ ಎರಡೂ ನಟ್ಟು ಗಟ್ಟಿಯಾಗಿ ಬಿಗಿಯಿರಿ. ಪೈಪಿಗೆ ಹತ್ತಿರ ಇರುವುದನ್ನು ಮೊದಲು ಬಿಗಿದರೆ ಹಿಡಿತ ಚೆನ್ನಾಗಿ ಬರುತ್ತದೆ.

ತುದಿಗೂ ಡೈಗೂ ಒಂದು ಹನಿ ಬ್ರೇಕ್ ಆಯಿಲ್ ಹಚ್ಚಿ. ಇಂಜಿನ್ ಆಯಿಲ್, ಗ್ರೀಸ್ ಬೇಡ. ಡೈಯ ಕಡ್ಡಿಯನ್ನು ಪೈಪಿನೊಳಗೆ ಇಳಿಸಿ, ಮೇಲಿಂದ ಸ್ಕ್ರೂ ತಿರುಗಿಸಿ. ಡೈ ಬಂದು ಬಾರ್‌ಗೆ ಪೂರ್ತಿ ತಾಗುವವರೆಗೆ ತಿರುಗಿಸಿ. ಬಿಚ್ಚಿ ನೋಡಿದರೆ ತುದಿ ಗುಂಡಗೆ ಉಬ್ಬಿರುತ್ತದೆ. ಇಲ್ಲಿ ನಿಂತು ಚೆನ್ನಾಗಿ ನೋಡಿ. ಉಬ್ಬು ಒಂದು ಬದಿಗೆ ವಾಲಿದ್ದರೆ ಮುಂದಿನ ಹಂತದಲ್ಲಿ ಅದು ಸರಿ ಆಗುವುದಿಲ್ಲ. ಕತ್ತರಿಸಿ ಮತ್ತೆ ಮಾಡಿ. ಸರಿ ಇದ್ದರೆ ಡೈ ತೆಗೆದಿಟ್ಟು, ಕೋನನ್ನೇ ನೇರವಾಗಿ ಇಳಿಸಿ. ಉಬ್ಬಿದ ಅಂಚು ಒಳಕ್ಕೆ ಮಡಚಿ ಎರಡು ಪದರ ಆಗುತ್ತದೆ. ಕೈಗೆ ಗಟ್ಟಿ ಸಿಕ್ಕಿದ ಕೂಡಲೇ ನಿಲ್ಲಿಸಿ. ಇನ್ನೂ ಒತ್ತಿದರೆ ಗೋಡೆ ತೆಳ್ಳಗಾಗುತ್ತದೆ.

ಕೊನೆಗೆ ಬೆಳಕಿಗೆ ಹಿಡಿದು ನೋಡಿ. ಒಳ ಇಳಿಜಾರು ನಯವಾಗಿ, ಸುತ್ತಲೂ ಒಂದೇ ಅಗಲ ಇರಬೇಕು. ತೂತು ಸರಿಯಾಗಿ ನಡುವೆ ಇರಬೇಕು. ಕೂದಲೆಳೆಯಷ್ಟು ಗೆರೆ ಕಂಡರೂ ಅದು ಬಿರುಕು ಅಂತಲೇ ತಿಳಿದು ಬಿಸಾಡಿ. ಮೊದಲು ಬೇಡದ ತುಂಡಿನಲ್ಲಿ ಕೈ ಪಳಗಿಸಿ. ಒಂದು ಫ್ಲೇರನ್ನು ಉದ್ದಕ್ಕೆ ಸೀಳಿ ನೋಡಿದರೆ ಎರಡು ಪದರ ಹೇಗೆ ಕೂತಿದೆ ಅಂತ ಕಣ್ಣಿಗೇ ಕಾಣುತ್ತದೆ.

ಯೂನಿಯನ್ ಬಗ್ಗೆ ಕೇಳಿದ್ದೀರಿ. ಕೊಡಬಹುದು. ಆದರೆ ಹಳೇ ಪೈಪಿನಲ್ಲಿ ಫ್ಲೇರ್ ಮಾಡುವ ಜಾಗ ಕಪ್ಪು ಚುಕ್ಕೆ ಇಲ್ಲದೆ ಹೊಳೆಯುತ್ತಿರಬೇಕು. ಜೋಡಣೆ ನೆಟ್ಟಗಿರುವ ಕಡೆ ಬರಲಿ, ಸೈಲೆನ್ಸರ್ ಪೈಪಿಗೆ ದೂರ ಇರಲಿ, ಪಾನಾ ಹಾಕಲು ಜಾಗ ಇರಲಿ. ಯೂನಿಯನ್‌ನ ಎರಡೂ ಬದಿಗೆ ಕ್ಲಿಪ್ ಕೊಡಿ. ನೇತಾಡುವ ಯೂನಿಯನ್ ಅಲುಗಾಡಿ ಅಲುಗಾಡಿ ಫ್ಲೇರಿನ ಕುತ್ತಿಗೆಯಲ್ಲೇ ಮುರಿಯುತ್ತದೆ. ಇನ್ನೂ ಒಂದು ದಾರಿ ಇದೆ: ಮಾರುತಿಗೆ ಕಂಪನಿಯ ರೆಡಿ ಪೈಪ್ ಎರಡೂ ತುದಿಗೆ ಫ್ಲೇರ್ ಆಗಿ, ನಟ್ಟು ಸಮೇತ ಬರುತ್ತದೆ. ಬೆಂಗಳೂರಿನ ಜೆಸಿ ರೋಡ್‌ನಲ್ಲೋ ನಿಮ್ಮ ಹತ್ತಿರದ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲೋ ಒಮ್ಮೆ ವಿಚಾರಿಸಿ. ಸಿಕ್ಕಿದರೆ ಅದಕ್ಕಿಂತ ಒಳ್ಳೆಯದು ಇಲ್ಲ.

ಶಿರಸಿ ಓಮ್ನಿ
ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಕಡೆ ಮಳೆಗೆ ನಟ್ಟು ಪೈಪಿಗೇ ಅಂಟಿಕೊಂಡಿರುತ್ತದೆ. ನಟ್ಟು ತಿರುಗಿಸಿದರೆ ಪೈಪೂ ತಿರುಗುತ್ತದೆ. ಇಲ್ಲ ನಟ್ಟಿನ ಮೂಲೆ ಸವೆದು ಗುಂಡಗಾಗುತ್ತದೆ. ಅದಕ್ಕೇನು ಮಾಡುತ್ತೀರಿ?

ಹುಬ್ಬಳ್ಳಿ ಗ್ಯಾರೇಜ್
ಹಿಂದಿನ ದಿನವೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ತೆರೆದ ಬಾಯಿಯ ಪಾನಾ ಬೇಡ, ಅದು ಎರಡೇ ಕಡೆ ಹಿಡಿಯುತ್ತದೆ. ಫ್ಲೇರ್ ನಟ್ ಸ್ಪ್ಯಾನರ್ ಅಂತ ಬರುತ್ತದೆ, ಪೈಪ್ ತೂರುವಷ್ಟು ಸೀಳು ಬಿಟ್ಟು ಉಳಿದ ಸುತ್ತೆಲ್ಲ ಹಿಡಿಯುತ್ತದೆ. ಮಾರುತಿಗೆ 10 ನಂಬರ್. ಪೈಪ್ ಹೇಗೂ ಬದಲಿಸುವುದೇ ಆದರೆ ಇನ್ನೂ ಸುಲಭ: ನಟ್ಟಿನ ಬುಡದಲ್ಲಿ ಪೈಪ್ ಕತ್ತರಿಸಿ, ಆರು ಮೂಲೆಯ ಸಾಕೆಟ್ ನೇರ ಇಳಿಸಿ ಬಿಚ್ಚಿ. ಬೆಂಕಿಯಿಂದ ಕಾಯಿಸಲು ಮಾತ್ರ ಹೋಗಬೇಡಿ. ಬ್ರೇಕ್ ಆಯಿಲ್ ಹೊತ್ತಿಕೊಳ್ಳುತ್ತದೆ, ಪಕ್ಕದಲ್ಲೇ ಪೆಟ್ರೋಲ್ ಪೈಪೂ ಇರುತ್ತದೆ.

ಸುರತ್ಕಲ್ ಮೆಕ್
ಜೋಡಿಸುವ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ನಟ್ಟನ್ನು ಮೊದಲು ಬೆರಳಿನಲ್ಲೇ ಪೂರ್ತಿ ಒಳಗೆ ಬಿಡಿ. ಬೆರಳಿಗೆ ಬಾರದಿದ್ದರೆ ಥ್ರೆಡ್ ಓರೆ ಹಿಡಿದಿದೆ ಅಂತ ಅರ್ಥ. ಆಮೇಲೆ ಬಿಗಿಯಿರಿ. ಎಂ10 ನಟ್ಟಿಗೆ ಸುಜುಕಿ ಹೇಳುವುದು 16 ನ್ಯೂಟನ್ ಮೀಟರ್. ಅದು ಅಂಥಾ ದೊಡ್ಡ ಬಲವೇನಲ್ಲ. ಸೀಲ್ ಮಾಡುವುದು ಲೋಹಕ್ಕೆ ಲೋಹ ತಾಗಿಯೇ. ಅಲ್ಲಿ ಟೆಫ್ಲಾನ್ ಟೇಪ್, ಎಂಸೀಲ್, ಗಮ್ಮು ಯಾವುದಕ್ಕೂ ಕೆಲಸ ಇಲ್ಲ. ಟೇಪಿನ ಚೂರು ಒಳಗೆ ಹೋದರೆ ಇನ್ನೊಂದು ತೊಂದರೆ.

ಯಾವುದನ್ನೂ ಪೆಟ್ರೋಲ್, ಸೀಮೆಎಣ್ಣೆಯಲ್ಲಿ ತೊಳೆಯಬೇಡಿ. ಬ್ರೇಕಿನ ರಬ್ಬರ್ ಅದಕ್ಕೆ ಊದಿಕೊಳ್ಳುತ್ತದೆ. ಬ್ರೇಕ್ ಕ್ಲೀನರ್ ಸ್ಪ್ರೇ ಸಿಗುತ್ತದೆ, ಅದು ಬಳಸಿ. ಆಯಿಲ್ ಹೊಸದಾಗಿ ಸೀಲ್ ಒಡೆದ ಡಬ್ಬಿಯದೇ ಇರಲಿ. ಅದು ಗಾಳಿಯ ತೇವ ಹೀರುತ್ತದೆ. ನಿಮ್ಮ ಊರಿನ ಗಾಳಿಯಲ್ಲಂತೂ ಕೇಳುವುದೇ ಬೇಡ. ಡಾಟ್ 3 ಅನ್ನುವ ದರ್ಜೆಯ ಬ್ರೇಕ್ ಆಯಿಲಿನ ಕುದಿಯುವ ಬಿಂದು ಹೊಸದಿದ್ದಾಗ ಕನಿಷ್ಠ 205 ಡಿಗ್ರಿ, ತೇವ ಸೇರಿದಾಗಿನ ಮಿತಿ 140. ಡಾಟ್ 4ಕ್ಕೆ 230 ಮತ್ತು 155. ಮುಚ್ಚಳದ ಮೇಲೆ ಯಾವುದು ಬರೆದಿದೆಯೋ ಅದನ್ನೇ ಹಾಕಿ. ಪೇಂಟ್ ಮೇಲೆ ಚೆಲ್ಲಿದರೆ ತಕ್ಷಣ ನೀರು ಸುರಿಯಿರಿ, ಇಲ್ಲದಿದ್ದರೆ ಬಣ್ಣ ಕಿತ್ತುಕೊಂಡು ಬರುತ್ತದೆ.

ಕಡಲತಡಿ, ಕುಂದಾಪುರ
ಕೆಲಸ ಮುಗಿಯಿತು. ರೆಡಿ ಪೈಪ್ ಸಿಕ್ಕಿದ್ದು ಹಿಂದಿನ ಭಾಗಕ್ಕೆ ಮಾತ್ರ. ಉದ್ದದ ಲೈನ್‌ಗೆ ಲೇಪ ಇರುವ ಉಕ್ಕಿನ ಪೈಪ್ ತಂದು ನಾವೇ ಫ್ಲೇರ್ ಮಾಡಿದೆವು. ಯೂನಿಯನ್ ಇಂಜಿನ್ ಪಕ್ಕ ಬಂತು, ಬಾನೆಟ್ ಎತ್ತಿದರೆ ಕಾಣುತ್ತದೆ. ಟಾರ್ಚ್ ಹಾಕಿ ನೋಡಿದಾಗ ಕೋನ್ ಎದ್ದು ನಿಂತಿದ್ದು ಸರಿಯಾಗಿ ಕಂಡಿತು, ಆಗ ಧೈರ್ಯ ಬಂತು. ಪೈಪ್ ಬಿಚ್ಚಿಟ್ಟಿದ್ದಾಗ ಪೆಡಲನ್ನು ಒಂದು ಕೋಲಿನಿಂದ ಸ್ವಲ್ಪ ಒತ್ತಿ ನಿಲ್ಲಿಸಿದ್ದರು. ಡಬ್ಬಿಯ ಆಯಿಲ್ ಸೋರಿ ಹೋಗಲಿಲ್ಲ. ಅದು ಹೇಗೆ?

ಹುಬ್ಬಳ್ಳಿ ಗ್ಯಾರೇಜ್
ಪೆಡಲ್ ಸ್ವಲ್ಪ ಒತ್ತಿದರೆ ಮಾಸ್ಟರ್ ಸಿಲಿಂಡರ್‌ನ ಪಿಸ್ಟನ್ ಮುಂದೆ ಬಂದು, ಡಬ್ಬಿಯಿಂದ ಆಯಿಲ್ ಇಳಿಯುವ ಸಣ್ಣ ತೂತನ್ನು ದಾಟಿ ನಿಲ್ಲುತ್ತದೆ. ದಾರಿ ಮುಚ್ಚಿತು, ಹಾಗಾಗಿ ಇಳಿಯುವುದಿಲ್ಲ. ನಿಮಗೆ ಸಿಕ್ಕಿದವರು ಕೆಲಸ ಗೊತ್ತಿರುವವರು.

ಗಾಳಿ ತೆಗೆದಿರಿ ತಾನೇ? ಮಾಸ್ಟರ್ ಸಿಲಿಂಡರ್‌ಗೆ ಅತಿ ದೂರದ ಚಕ್ರದಿಂದ ಶುರು ಮಾಡುವುದು ರೂಢಿ. ನಮ್ಮಲ್ಲಿ ಸ್ಟಿಯರಿಂಗ್ ಬಲಕ್ಕಿರುವುದರಿಂದ ಅದು ಎಡ ಹಿಂದಿನ ಚಕ್ರ. ಕೆಲವು ಗಾಡಿಗೆ ಕ್ರಮ ಬೇರೆ ಇರುತ್ತದೆ, ಗಾಡಿಯ ಸರ್ವಿಸ್ ಪುಸ್ತಕ ನೋಡಿಕೊಳ್ಳಿ.

ಪರೀಕ್ಷೆ ಹೀಗೆ ಮಾಡಿ. ಪ್ರತಿ ಜೋಡಣೆಯನ್ನೂ ಒರೆಸಿ, ಒಣಗಿದ ಟಿಶ್ಯೂ ಪೇಪರ್ ಸುತ್ತಿ. ಇಂಜಿನ್ ಆನ್ ಮಾಡಿ, ಗೇರ್ ನ್ಯೂಟ್ರಲ್‌ನಲ್ಲಿರಲಿ, ಒಬ್ಬರು ಪೆಡಲನ್ನು ಜೋರಾಗಿ ಒತ್ತಿ ಒಂದು ನಿಮಿಷ ಹಿಡಿದುಕೊಳ್ಳಲಿ. ಪೆಡಲ್ ನಿಧಾನಕ್ಕೂ ಇಳಿಯಬಾರದು, ಪೇಪರ್ ಮೇಲೆ ಚುಕ್ಕೆಯಷ್ಟೂ ಒದ್ದೆ ಬರಬಾರದು. ಒದ್ದೆ ಬಂದರೆ ಬಿಗಿಯುತ್ತಾ ಹೋಗಬೇಡಿ. ನಟ್ಟು ಸಡಿಲಿಸಿ, ಮತ್ತೆ ಒಮ್ಮೆ ಸರಿಯಾಗಿ ಬಿಗಿಯಿರಿ. ಆಗಲೂ ಬಂದರೆ ಫ್ಲೇರ್ ಕತ್ತರಿಸಿ ಹೊಸದು ಮಾಡಿ.

ಕಡಲತಡಿ, ಕುಂದಾಪುರ
ಪೇಪರ್ ಪರೀಕ್ಷೆ ಮಾಡಿದೆವು, ಎಲ್ಲ ಕಡೆ ಒಣಗಿದೆ. ಪೆಡಲ್ ಗಟ್ಟಿಯಾಗಿ ಮೇಲೇ ನಿಲ್ಲುತ್ತಿದೆ. ಖಾಲಿ ಮೈದಾನದಲ್ಲಿ ನಿಧಾನಕ್ಕೆ ಓಡಿಸಿ, ಬ್ರೇಕ್ ಹಾಕಿ ನೋಡಿ, ಮತ್ತೆ ಕೆಳಗೆ ಮಲಗಿ ನೋಡಿದೆ. ಕೊನೆಯ ಪ್ರಶ್ನೆ. ಮಳೆಗಾಲ ಬರುತ್ತಿದೆ. ಹೊಸ ಪೈಪಿನ ಮೇಲೆ ಅಂಡರ್‌ಬಾಡಿ ಕೋಟಿಂಗ್ ದಪ್ಪಗೆ ಬಳಿಸಿಬಿಡಲಾ?

ಮಿಷಿಗನ್ ಕನ್ನಡಿಗ
ದಪ್ಪ ಟಾರ್ ಕೋಟಿಂಗ್ ಬೇಡ. ಅದು ಒಂದು ಕಡೆ ಬಿರಿದರೆ ನೀರು ಒಳಗೆ ಸೇರಿ ಅಲ್ಲೇ ನಿಲ್ಲುತ್ತದೆ. ಒಳಗೆ ಕೊಳೆಯುವುದು ಹೊರಗೆ ಕಾಣುವುದೂ ಇಲ್ಲ. ನಾವು ಮೇಣದ ಥರದ ತೆಳು ಸ್ಪ್ರೇ ಹೊಡೆಯುತ್ತೇವೆ, ಚಳಿಗಾಲಕ್ಕೆ ಮೊದಲು ಪ್ರತಿ ವರ್ಷ.

ಹುಬ್ಬಳ್ಳಿ ಗ್ಯಾರೇಜ್
ನನ್ನದೂ ಅದೇ ಮಾತು. ಕ್ಲಿಪ್ ಕೂರುವ ಜಾಗದಲ್ಲಿ ಲೇಪ ಗೀರಿಲ್ಲ ತಾನೇ ಅಂತ ಒಮ್ಮೆ ನೋಡಿ, ಗೀರಿದ್ದರೆ ಅಲ್ಲಿಗೆ ಪೇಂಟ್ ಮುಟ್ಟಿಸಿ. ಕ್ಲಿಪ್ಪಿನ ರಬ್ಬರ್, ಪ್ಲಾಸ್ಟಿಕ್ ಹೊಸದು ಹಾಕಿ. ನಟ್ಟುಗಳ ಮೇಲೆ ಏನೂ ಬಳಿಯಬೇಡಿ, ಒಸರಿದರೆ ಕಾಣಬೇಕು. ಮಳೆ ನಿಂತ ಮೇಲೆ ಸಿಹಿನೀರಿನಲ್ಲಿ ಅಡಿಭಾಗ ತೊಳೆಸಿ, ಕ್ಲಿಪ್ಪಿನೊಳಗಿನ ಮಣ್ಣು ಪೂರ್ತಿ ಹೋಗುವ ಹಾಗೆ. ಮುಂದಿನ ಚಕ್ರಗಳಿಗೆ ಹೋಗುವ ಗಿಡ್ಡ ಪೈಪುಗಳೂ 2007ರವೇ ಅಲ್ವಾ? ಅವು ಕಣ್ಣಿಗೆ ಚೆನ್ನಾಗಿ ಕಂಡರೂ ಕ್ಲಿಪ್ ಬಿಡಿಸಿ ನೋಡಿ. ಮುಕ್ಕಾಲು ಪಾಲು ಬ್ರೇಕ್ ಹಿಡಿಯುವುದು ಮುಂದಿನ ಚಕ್ರಗಳೇ. ಮುಂಗಾರು ಶುರುವಾಗುವ ಮೊದಲೇ ಈ ಕೆಲಸ ಮಾಡಿ, ಫೋಟೋ ಇಲ್ಲಿ ಹಾಕಿ. ನಾನು ನೋಡಿ ಹೇಳುತ್ತೇನೆ.